ಸೇವಂತಿಗೆ ಟೈರು

"ಟಾರ್ಚ್ ಸರಿಯಾಗಿ ಹಿಡಿ ಪುಟ್ಟಿ. ನನ್ನ ಮೂಗಿಗಲ್ಲ, ಆ ಮೂಲೆಗೆ ಬಿಡು."

ಕಲೀನಾ ಟಾರ್ಚನ್ನು ಮೂಲೆಗೆ ತಿರುಗಿಸಿದಳು. ನೆಲಮಾಳಿಗೆಯ ಆ ಮೂಲೆಯಲ್ಲಿ, ಎಲೆಕೋಸಿನ ಪೀಪಾಯಿಯ ಹಿಂದೆ, ನಾಲ್ಕು ಟೈರುಗಳು ಒಂದರ ಮೇಲೊಂದು ಕೂತಿದ್ದವು. ಅಪ್ಪ ಮೇಲಿನದನ್ನು ಸವರಿ ನೋಡಿದ. ಅದು ಅವನ ತಲೆಯ ಹಾಗೇ ನುಣ್ಣಗಿತ್ತು.

"ಇವಲ್ಲ," ಅಂದ ಅಪ್ಪ. "ಇವು ಸವೆದು ಬೋಳಾದ ಹಳೇ ಟೈರು. ಬಿಸಾಕೋದಕ್ಕೆ ಅಂತ ಇಟ್ಟಿದ್ದು. ಹಿಮಕ್ಕೆ ಅಂತ ಹಾಕೋ ನನ್ನ ಚಳಿಗಾಲದ ಟೈರೆಲ್ಲಿ? ಇಲ್ಲಿ ಒಟ್ಟು ಎಂಟಿದ್ವು."

ಅವನು ಪೀಪಾಯಿ ಸರಿಸಿದ. ಮೆಣಸಿನಕಾಯಿ ಚಟ್ನಿಯ ಬಾಟಲಿಗಳ ಹಿಂದೆ ಇಣುಕಿದ. ಮುರಿದ ಸ್ಲೆಡ್ಜು, ಹಳೇ ರೇಡಿಯೋ, ಅಜ್ಜನ ಬೂಟು, ಎಲ್ಲ ಇದ್ದವು. ಟೈರು ಮಾತ್ರ ಇರಲಿಲ್ಲ.

ಕಲೀನಾಳ ಕೈಯ ಟಾರ್ಚು ಕೆಳಕ್ಕೆ ಬಾಗಿತು. ಆ ನಾಲ್ಕು ಟೈರು ಎಲ್ಲಿವೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಾಗಿದ್ದು ಈಗ, ಈ ಕ್ಷಣದಲ್ಲಿ. ಅವು ಕಟ್ಟಡದ ಮುಂದೆ, ಅಂಗಳದಲ್ಲಿ, ಮೇಲ್ಗಡೆಗೆಲ್ಲ ಹಳದಿ ಬಣ್ಣ ಬಳಿದುಕೊಂಡು, ಹೊಟ್ಟೆತುಂಬ ಮಣ್ಣು ತುಂಬಿಕೊಂಡು ಆರಾಮಾಗಿ ಮಲಗಿದ್ದವು.

ಅದು ಮೇ ತಿಂಗಳ ಮಾತು. ಅವರ ಕಟ್ಟಡಕ್ಕೆ ಎರಡು ಬಾಗಿಲು, ಎ ಮತ್ತು ಬಿ. ಎ ಬಾಗಿಲಿನವರು ಹಳೇ ಟೈರು ಕತ್ತರಿಸಿ, ಬಿಳಿ ಬಣ್ಣ ಹೊಡೆದು, ಹಂಸ ಮಾಡಿ ಅಂಗಳದಲ್ಲಿ ನಿಲ್ಲಿಸಿದ್ದರು. ಕಲೀನಾಳ ಮನೆಯಿದ್ದ ಬಿ ಬಾಗಿಲಿನ ಹೂದೋಟಕ್ಕೆ ಸ್ಟೊಯ್ಕಜ್ಜಿಯದೇ ದರ್ಬಾರು. ಹಂಸ ನೋಡಿದ ದಿನದಿಂದ ಅವಳಿಗೆ ಊಟ ಸೇರಲಿಲ್ಲ. "ಯಾರ ಮನೇಲಿ ಹಳೇ ಟೈರಿದೆ?" ಎಂದು ಮಕ್ಕಳನ್ನೆಲ್ಲ ಕೇಳಿದಳು. "ನಮ್ಮನೇಲಿ," ಅಂದಳು ಕಲೀನಾ. ಅಮ್ಮ ಅಡುಗೆಮನೆಯಿಂದಲೇ ಕೀ ಎಸೆದು, "ಹಳೇವು ನಾಲ್ಕಿದೆ, ತಗೊಂಡು ಹೋಗು, ಜಾಗ ಆದ್ರೂ ಖಾಲಿ ಆಗತ್ತೆ," ಅಂದಿದ್ದಳು.

ಕೆಳಗೆ ಹೋಗಿ ನೋಡಿದರೆ ಎರಡು ಗುಡ್ಡೆ. ಒಂದು ಗುಡ್ಡೆಯ ಟೈರುಗಳು ನುಣ್ಣಗೆ ಮಿರಿಮಿರಿ ಮಿಂಚುತ್ತಿದ್ದವು. ಇನ್ನೊಂದು ಗುಡ್ಡೆಯವಕ್ಕೆ ಕೆಸರು ಮೆತ್ತಿತ್ತು, ಯಾರೋ ಬ್ಲೇಡಿನಲ್ಲಿ ಗೀರಿದ ಹಾಗೆ ಮೈತುಂಬ ಸಣ್ಣ ಸಣ್ಣ ಸೀಳು. ಒಳ್ಳೇದನ್ನು ಕೊಟ್ಟರೆ ಅಪ್ಪ ಬೈಯುತ್ತಾನೆ ಎಂದು ಕಲೀನಾ ಬಹಳ ಯೋಚನೆ ಮಾಡಿ, ದೊಡ್ಡ ಜಾಣೆಯ ಹಾಗೆ, ಸೀಳು ಬಿದ್ದವನ್ನೇ ಆರಿಸಿದ್ದಳು. ಬಣ್ಣ ಬಳಿದವಳೂ ಅವಳೇ. ಹಳದಿಯ ಮೇಲೆ ಕೆಂಪು ಚುಕ್ಕಿ.

"ಅಪ್ಪ," ಎಂದು ಬಾಯಿ ತೆರೆದಳು ಕಲೀನಾ.

"ಕದ್ದಿದಾರೆ," ಅಂದ ಅಪ್ಪ. ಅವನು ಪಕ್ಕದ ಮನೆಯವರ ಸಾಮಾನಿನ ಗೂಡಿನ ಕಡೆ ನೋಡುತ್ತಿದ್ದ. ನಡುವೆ ಇದ್ದಿದ್ದು ಬರೀ ಮರದ ಪಟ್ಟಿಗಳ ತಡಿಕೆ. ಆ ಗೂಡು ಮೂರನೇ ಮಹಡಿಯ ಮನೋಲ್ ಮಾಮನದು. "ಮನೋಲ್ ಹೋದ ವಾರ ಚಳಿಗಾಲದ ಟೈರ್ ಹಾಕಿಸಿದ. ಅವನ ಕಾರಿಗೂ ನಮ್ಮ ಸೈಜೇ. ಎಲ್ಲಿಂದ ತಂದೆ ಅಂತ ಕೇಳಿದ್ರೆ ಹಲ್ಲು ಕಿರಿದು ಸುಮ್ಮನಾದ. ಆಗಲೇ ಅನುಮಾನ ಬರಬೇಕಿತ್ತು ನನಗೆ."

ಕಲೀನಾ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

ಮೇಲೆ ಬಂದು ಕೈ ತೊಳೆಯುವಷ್ಟರಲ್ಲಿ ಅಮ್ಮನ ಫೋನು. ಅಮ್ಮ ಘಾಟಿಯ ಆಚೆ, ಚೆಪೆಲಾರೆಯ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಶುಕ್ರವಾರ ಸಂಜೆ ಏಳಕ್ಕೆ ಅವಳ ಕೆಲಸ ಮುಗಿಯುವಾಗ ಕೊನೆಯ ಬಸ್ಸು ಹೋಗಿರುತ್ತಿತ್ತು. ಹಾಗಾಗಿ ಅಪ್ಪನೇ ಕಾರಿನಲ್ಲಿ ಹೋಗಿ ಕರೆದುಕೊಂಡು ಬರಬೇಕು.

"ನಾಡಿದ್ದು ಮರೀಬೇಡಿ," ಅಂದಳು ಅಮ್ಮ. "ಹಿಮದ ಸೀಸನ್ ಶುರು ಆಗತ್ತೆ. ಈ ವಾರ ಬಿಟ್ರೆ ಹೊಸ ವರ್ಷದ ತನಕ ನನಗೆ ರಜಾನೇ ಇಲ್ಲ. ಕಲೀನಾ, ಶನಿವಾರ ಬೆಳಿಗ್ಗೆ ಬಾನಿತ್ಸಾ ಮಾಡ್ತೀನಿ. ಚೀಸ್ ತಂದಿಟ್ಟಿರಿ."

"ಎರಡು ಥರ ಚೀಸ್ ತರ್ತೀವಿ, ರಾಣಿಯವರೇ," ಅಂದ ಅಪ್ಪ, ಬಹಳ ಗೆಲುವಿನ ದನಿಯಲ್ಲಿ. ಫೋನಿಟ್ಟ ಮೇಲೆ ಆ ಗೆಲುವೂ ಎಲ್ಲೋ ಹೋಯಿತು.

"ಅಮ್ಮಂಗೆ ಹೇಳಬೇಡ," ಅಂದ ಅವನು. "ಸುಮ್ಮನೆ ಚಿಂತೆ ಮಾಡ್ತಾಳೆ. ಶುಕ್ರವಾರ ರೋಝೆನ್ ಘಾಟಿ ಮೇಲೆ ಹಿಮ ಅಂತೆ. ಈಗ ಕಾರಲ್ಲಿರೋ ಬೇಸಿಗೆ ಟೈರಲ್ಲಿ ಹೋದ್ರೆ ಮೊದಲ ತಿರುವಲ್ಲೇ ಚರಂಡಿ. ಹೊಸದು ನಾಲ್ಕು ಕೊಂಡ್ರೆ ನನ್ನ ಅರ್ಧ ಸಂಬಳ ಹೋಯ್ತು. ಬಾಡಿಗೆ ಯಾರು ಕೊಡ್ತಾರೆ?"

"ಅಂದ್ರೆ ಅಮ್ಮ ಬರಲ್ವಾ?"

ಅಪ್ಪ ಉತ್ತರ ಕೊಡುವ ಮೊದಲೇ ಬೆಲ್ ಆಯಿತು. ಬಾಗಿಲಲ್ಲಿ ಮನೋಲ್ ಮಾಮ, ಕಂಕುಳಲ್ಲಿ ಪಗಡೆ ಪೆಟ್ಟಿಗೆ. ಬುಧವಾರ ಬಂದರೆ ಅವನೂ ಅಪ್ಪನೂ ಆಡಲೇಬೇಕು. ಕಲೀನಾಗೆ ಬುದ್ಧಿ ಬಂದಾಗಿನಿಂದ ಹಾಗೇ ನಡೆದುಕೊಂಡು ಬಂದಿತ್ತು.

"ಬಾರಯ್ಯ ವೆಲ್ಕೊ, ಇವತ್ತು ನಿನ್ನ ಮಾನ ಕಳೀತೀನಿ," ಅಂದ ಮನೋಲ್ ಮಾಮ.

"ತಲೆನೋವು," ಅಂದ ಅಪ್ಪ. ಬಾಗಿಲನ್ನು ಪೂರ್ತಿ ತೆರೆಯಲೂ ಇಲ್ಲ.

"ಮಾತ್ರೆ ತರಲಾ?"

ಅಪ್ಪ ಬೇಡವೆಂದು ತಲೆ ಮೇಲಕ್ಕೆತ್ತಿ "ಚ್" ಅಂದ. ಮನೋಲ್ ಮಾಮ ಒಂದು ಗಳಿಗೆ ನಿಂತು, ಕಲೀನಾಳ ಮುಖ ನೋಡಿ, ತಾನು ಏನು ತಪ್ಪು ಮಾಡಿದೆ ಎಂದು ತಿಳಿಯದವನ ಹಾಗೆ ಹಿಂತಿರುಗಿದ. ಅವನು ಮೆಟ್ಟಿಲು ಹತ್ತುವಾಗ ಪೆಟ್ಟಿಗೆಯೊಳಗೆ ದಾಳಗಳು ಗಲಗಲ ಅನ್ನುವುದು ಮೂರನೇ ಮಹಡಿಯವರೆಗೂ ಕೇಳಿಸಿತು.

ಅಂದು ರಾತ್ರಿ ಕಲೀನಾ ಸೂಪನ್ನು ಅರ್ಧಕ್ಕೇ ಬಿಟ್ಟೆದ್ದಳು.

ಮರುದಿನ ಸ್ಕೂಲಿನಿಂದ ಬಂದವಳೇ ಬ್ಯಾಗು ಹೊತ್ತುಕೊಂಡೇ ಹೂವಿನ ಟೈರಿನ ಹತ್ತಿರ ಕೂತಳು. ಸೇವಂತಿಗೆ ಆಗ ತಾನೇ ಚೆನ್ನಾಗಿ ಬಿಟ್ಟಿತ್ತು, ಬಿಳಿ ಮತ್ತು ಕಡುಕೆಂಪು. ಟೈರಿನ ಹೊರಸುತ್ತಿನ ಮಣ್ಣನ್ನು ಬೆರಳಿನಿಂದ ಕೆದಕಿದಳು. ಮಣ್ಣಿನಡಿ ಆ ಸಣ್ಣ ಸಣ್ಣ ಸೀಳುಗಳು ಕಂಡವು. ಅವೇ ಟೈರು, ಅನುಮಾನವೇ ಇಲ್ಲ.

"ಯಾರೇ ಅದು, ಕೋಳಿ ಥರ ಕೆದಕ್ತಿರೋದು?" ನೆಲಮಹಡಿಯ ಕಿಟಕಿಯಿಂದ ಸ್ಟೊಯ್ಕಜ್ಜಿಯ ದನಿ.

ಕಲೀನಾ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಓಡಿದಳು.

ಅಪ್ಪ ಕೆಲಸದಿಂದ ಬಂದಿದ್ದ. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಯಾರಿಗೋ ಫೋನ್ ಮಾಡಿ, "ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ... ಅಷ್ಟಾ? ಹೋಗಲಿ ಬಿಡಿ," ಅನ್ನುತ್ತಿದ್ದ.

ಕಲೀನಾ ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು. ಹತ್ತು ಎಣಿಸಿ ಒಳಗೆ ಹೋಗುತ್ತೇನೆ ಎಂದುಕೊಂಡಳು. ಎಣಿಸಿದಳು. ಹೋಗಲಿಲ್ಲ. ಇನ್ನೊಂದು ಸಲ ಹತ್ತು. ಮೂರನೇ ಸಲ ಆರಕ್ಕೆ ಬಂದಾಗ ಬಾಗಿಲು ತಾನಾಗೇ ತೆರೆಯಿತು. ಖಾಲಿ ಕಪ್ಪು ಹಿಡಿದು ಅಪ್ಪ ಎದುರಿಗೇ ನಿಂತಿದ್ದ.

"ಏನಿದು, ಬಾಗಿಲಿಗೆ ಕಾವಲಾ?"

"ಅವು ಹೂದೋಟದಲ್ಲಿವೆ."

"ಯಾವು?"

"ಟೈರು. ನಾನೇ ಕೊಟ್ಟಿದ್ದು. ಅಮ್ಮ ಹಳೇದು ಕೊಡು ಅಂದಿದ್ಲು. ನಾನು ಸೀಳು ಬಿದ್ದಿರೋದೇ ಹಳೇದು ಅಂದ್ಕೊಂಡೆ. ನುಣ್ಣಗಿರೋದು ಹೊಸದು ಅಂದ್ಕೊಂಡೆ."

ಅಪ್ಪ ಕಪ್ಪನ್ನು ಅಲ್ಲೇ ನೆಲದ ಮೇಲಿಟ್ಟು ಬಾಲ್ಕನಿಗೆ ಹೋದ. ಕೆಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಕಲೀನಾಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ.

"ಆರು ತಿಂಗಳು," ಅಂದ ಅಪ್ಪ ಕೊನೆಗೆ. "ಆರು ತಿಂಗಳಿಂದ ದಿನಾ ಬೆಳಿಗ್ಗೆ ಅವುಗಳ ಪಕ್ಕದಲ್ಲೇ ನಡ್ಕೊಂಡು ಕೆಲಸಕ್ಕೆ ಹೋಗ್ತಿದೀನಿ. ಚುಕ್ಕಿ ಬಹಳ ಚೆನ್ನಾಗಿದೆ ಅಂತ ನಿನಗೆ ಹೇಳಿದ್ದೆ ಬೇರೆ."

"ಹೌದು. ಎರಡು ಸಲ."

"ನಿನ್ನೇನೇ ಯಾಕೆ ಹೇಳಲಿಲ್ಲ?"

"ಹೇಳಕ್ಕೆ ಹೊರಟೆ. ಅಷ್ಟರಲ್ಲಿ ನೀನು ಮನೋಲ್ ಮಾಮ ಕದ್ದಿದಾನೆ ಅಂದೆ. ಆಮೇಲೆ ಇನ್ನೂ ಕಷ್ಟ ಆಗೋಯ್ತು."

ಅಪ್ಪನ ಕಿವಿ ನಿಧಾನವಾಗಿ ಕೆಂಪಾಯಿತು. ಅವನಿಗೆ ನಾಚಿಕೆಯಾದರೆ ಮೊದಲು ಗೊತ್ತಾಗುವುದು ಕಿವಿಯಲ್ಲೇ. "ಬಾಗಿಲಿಂದಲೇ ವಾಪಸ್ ಕಳಿಸಿದೆ ಅವನನ್ನ," ಅಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

ಆಮೇಲೆ ಬೂಟು ಹಾಕಿಕೊಂಡ. "ನಡಿ. ಮೊದಲು ಸ್ಟೊಯ್ಕಜ್ಜಿ."

"ನೀನೇ ಹೇಳಪ್ಪ."

"ಕೊಟ್ಟಿದ್ದು ನೀನು, ಕೇಳಬೇಕಾದವಳೂ ನೀನೇ. ನಾನು ಹಿಂದೆ ನಿಂತಿರ್ತೀನಿ." ಒಂದು ಗಳಿಗೆ ಬಿಟ್ಟು, "ಸ್ವಲ್ಪ ಹಿಂದೆ," ಎಂದು ಸೇರಿಸಿದ.

ಸ್ಟೊಯ್ಕಜ್ಜಿ ಅಂಗಳದಲ್ಲಿ ನಿಂತು, ಟೈರಿನ ಕಥೆಯನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ವಾಪಸ್ ಬೇಕಾ?" ಅಂದಳು. "ಸೇವಂತಿಗೆ ಬಿಟ್ಟು ಇನ್ನೂ ಹದಿನೈದು ದಿನ ಆಗಿಲ್ಲ. ಇಡೀ ಬೇಸಿಗೆ ನೀರು ಹಾಕಿದ್ದು ನಾನು. ಈಗ ಕಿತ್ತರೆ ಎ ಬಾಗಿಲಿನ ಆ ಹಂಸದ ಸೊಕ್ಕಿನವರು ಬಾಲ್ಕನೀಲಿ ನಿಂತು ನಗ್ತಾರೆ. ಕೊಟ್ಟ ಮೇಲೆ ಕೊಟ್ಟ ಹಾಗೆ."

ಕಲೀನಾ ಹಿಂದೆ ನೋಡಿದಳು. ಅಪ್ಪ ನಿಜಕ್ಕೂ ಸ್ವಲ್ಪ ಹಿಂದೆಯೇ ನಿಂತು ಗಾಳಿ ಎತ್ತ ಬೀಸುತ್ತಿದೆ ಎಂದು ಮೋಡ ನೋಡುತ್ತಿದ್ದ.

"ಅಜ್ಜಿ, ಟೈರ್ ಇಲ್ದಿದ್ರೆ ಅಮ್ಮ ಬರಕ್ಕಾಗಲ್ಲ," ಅಂದಳು ಕಲೀನಾ. "ನಾಳೆ ಬರದಿದ್ರೆ ಹೊಸ ವರ್ಷದ ತನಕ ಬರಲ್ಲ."

ಸ್ಟೊಯ್ಕಜ್ಜಿಯ ಕೈ ಸೊಂಟದಿಂದ ಕೆಳಗಿಳಿಯಿತು.

"ನಿಮ್ಮಮ್ಮ ದಾಫಿನಾ ನಾಳೆ ಬರೋದಾ?"

"ಹೂಂ."

"ಮತ್ತೆ ಅದನ್ನ ಮೊದಲೇ ಹೇಳೋದಲ್ವೇನೇ? ಕಂಬದ ಥರ ನಿಂತಿದೀಯಲ್ಲ, ಹೋಗಿ ಆ ಬೋಳು ಟೈರುಗಳನ್ನ ಮೇಲಕ್ಕೆ ತಗೊಂಡು ಬಾ. ನನ್ನ ಹೂವು ಒಂದು ಗಂಟೆ ಕೂಡ ಬೇರು ಬಿಟ್ಕೊಂಡು ಹೊರಗಿರಕೂಡದು. ವೆಲ್ಕೊ, ನೀನು ಮೋಡ ಆಮೇಲೆ ನೋಡು. ಗುದ್ದಲಿ ಹಿಡಿ."

ಕತ್ತಲಾಗುವ ಮೊದಲೇ ಮುಗಿಸಬೇಕಿತ್ತು. ಅಜ್ಜಿ ಸೇವಂತಿಗೆಯನ್ನು ಬೇರಿನ ಮಣ್ಣು ಸಮೇತ ಎತ್ತಿ, ಕೂಸನ್ನು ಮಲಗಿಸುವ ಹಾಗೆ ಹಳೇ ಚೀಲದ ಮೇಲಿಟ್ಟಳು. ಅಪ್ಪ ಟೈರಿನ ಸುತ್ತ ಅಗೆದ. ಮೊದಲನೆಯದು ಹೇಗೋ ಬಂತು. ಎರಡನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಇನ್ನೊಂದು ಕೈ ಬೇಕಾ?"

ಮನೋಲ್ ಮಾಮ ಸಲಿಕೆ ಹಿಡಿದು ನಿಂತಿದ್ದ. ಬಾಲ್ಕನಿಯಿಂದ ನೋಡಿ, ಯಾರೂ ಕರೆಯದೆ ಇಳಿದು ಬಂದಿದ್ದ. ಏನು ನಡೆದಿದೆ ಎಂದು ಅಜ್ಜಿಯೇ ಹೇಳಿದಳು, ಅರ್ಧ ಬೈಗುಳ ಸೇರಿಸಿ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ತಲೆನೋವು ಯಾಕೆ ಬಂತು ಅಂತ ಈಗ ಗೊತ್ತಾಯ್ತು ಬಿಡು, ವೆಲ್ಕೊ. ಟೈರಿನ ಚಿಂತೆ. ನನಗೆ ಹೇಳೋದಲ್ವಾ? ನನಗೂ ಹೊಸದು ಕೊಳ್ಳಕ್ಕಾಗಲಿಲ್ಲ. ನಮ್ಮ ಬಾವ ಬಿಚ್ಚಿ ಹಾಕಿದ ಹಳೇದನ್ನೇ ಹಾಕ್ಕೊಂಡಿದೀನಿ. ಅವತ್ತು ನೀನು ಕೇಳಿದಾಗ ಹೇಳಕ್ಕೆ ನಾಚಿಕೆ ಆಯ್ತು."

ಅಪ್ಪ ತಲೆ ಎತ್ತಲಿಲ್ಲ. ಅವನು ಬಗ್ಗಿ ಅಗೆಯುತ್ತಲೇ ಇದ್ದ. ಆದರೆ ಕಲೀನಾಗೆ ಅವನ ಕಿವಿ ಕಾಣುತ್ತಿತ್ತು.

ಸಂಜೆಗೆ ನಾಲ್ಕು ಬೋಳು ಟೈರುಗಳು ಸೇವಂತಿಗೆ ಮುಡಿದುಕೊಂಡು ಕೂತವು. "ಬಣ್ಣ ನೀನೇ ಹೊಡೀಬೇಕು," ಎಂದು ಅಜ್ಜಿ ಕಲೀನಾಗೆ ಹೇಳಿದಳು. "ಈ ಸಲ ಚುಕ್ಕಿ ನೆಟ್ಟಗಿರಲಿ. ಹೋದ ಸಲ ಕುಡುಕನ ಕೈಲಿ ಇಡಿಸಿದ ಹಾಗಿತ್ತು."

ಶುಕ್ರವಾರ ಮಧ್ಯಾಹ್ನ ಟೈರ್ ಅಂಗಡಿಯ ಮುಂದೆ ರಸ್ತೆಯ ತಿರುವಿನವರೆಗೂ ಕಾರುಗಳ ಸಾಲು. ಶನಿವಾರ ನವೆಂಬರ್ ಹದಿನೈದನೇ ತಾರೀಖು. ಅಂದಿನಿಂದ ಪೊಲೀಸರು ಕಾರು ನಿಲ್ಲಿಸಿ ಚಳಿಗಾಲದ ಟೈರು ಇದೆಯೇ ಎಂದು ನೋಡುತ್ತಾರೆ. ಹಾಗಾಗಿ ಇಡೀ ಊರಿಗೆ ಆ ಶುಕ್ರವಾರವೇ ಚಳಿಗಾಲದ ನೆನಪಾಗಿತ್ತು.

ಅಪ್ಪ ಟೈರು ಇಳಿಸಿದ ಕೂಡಲೇ ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು.

"ಸರ್ಕಸ್ ಕಂಪನಿಯವರಾ?" ಎಂದು ಒಬ್ಬ ಕೇಳಿದ.

"ಹೌದು, ಹುಲಿ ಹಿಂದೆ ಬರ್ತಿದೆ," ಅಂದ ಅಪ್ಪ.

ಅಂಗಡಿಯ ಚಾವ್ದಾರ್ ಟೈರನ್ನು ತಿರುಗಿಸಿ ಅಲುಗಾಡಿಸಿದ. ಒಳಗಿನಿಂದ ಒಂದು ಹಿಡಿ ಮಣ್ಣು ಮತ್ತು ಒಂದು ದಪ್ಪ ಎರೆಹುಳ ಬಿದ್ದವು. ಅವನು ಎರೆಹುಳವನ್ನು ಮೆಲ್ಲಗೆ ಎತ್ತಿ ಬೇಲಿಯಾಚೆ ಹುಲ್ಲಿಗೆ ಬಿಟ್ಟು ಬಂದ. ಆಮೇಲೆ ಅಳತೆಕಡ್ಡಿಯನ್ನು ಟೈರಿನ ಮೈಮೇಲಿನ ತೋಡಿನೊಳಗೆ ಇಳಿಸಿದ.

ಕಲೀನಾ ಬಗ್ಗಿ ಕಡ್ಡಿಯನ್ನೇ ನೋಡಿದಳು. ನಾಲ್ಕು ಮಿಲಿಮೀಟರ್ ಆಳ ಇರಲೇಬೇಕು ಎಂದು ಅಪ್ಪ ದಾರಿಯಲ್ಲಿ ಹೇಳಿದ್ದ. ಒಂದು ಕೂದಲೆಳೆ ಕಡಿಮೆಯಾದರೂ ಆಗದು.

"ಐದು," ಅಂದ ಚಾವ್ದಾರ್. "ಐದು. ಐದು. ಇದು ನಾಲ್ಕೂವರೆ. ಈ ಚಳಿಗಾಲಕ್ಕೆ ಮೋಸ ಇಲ್ಲ."

"ಸೀಳಿದ್ರೂ ಪರವಾಗಿಲ್ವಾ?" ಎಂದಳು ಕಲೀನಾ.

ಚಾವ್ದಾರ್ ಅವಳ ಕೈ ಹಿಡಿದು ಟೈರಿನ ಮೇಲಿಟ್ಟು, "ಒತ್ತು," ಅಂದ. ಅವಳು ಹೆಬ್ಬೆರಳಿನಿಂದ ಒತ್ತಿದಳು. ಮುಚ್ಚಿದ್ದ ಸೀಳುಗಳು ಸಣ್ಣ ಸಣ್ಣ ಬಾಯಿಗಳ ಹಾಗೆ ತೆರೆದುಕೊಂಡವು. ಕೈ ತೆಗೆದರೆ ಮತ್ತೆ ಮುಚ್ಚಿಕೊಂಡವು.

"ಹಿಮಾನ ಕಚ್ಚಿ ಹಿಡಿಯೋದು ಇವೇ," ಅಂದ ಅವನು. "ನುಣ್ಣಗಿರೋದು ನೋಡಕ್ಕೆ ಚೆಂದ, ಅಷ್ಟೇ."

"ಬಣ್ಣದ ಕಡೆ ಒಳಗೆ ಬರೋ ಹಾಗೆ ಹಾಕಿಕೊಡಯ್ಯ," ಎಂದು ಅಪ್ಪ ಮೆಲ್ಲಗೆ ಕೇಳಿದ.

"ಯಾವ ಕಡೆ ಹೊರಗೆ ಬರಬೇಕು ಅಂತ ಟೈರಿನ ಮೇಲೇ ಬರೆದಿರತ್ತೆ, ನಾನೇನು ಮಾಡಲಿ?" ಚಾವ್ದಾರ್ ರಿಮ್ ಕೂರುವ ಅಂಚಿನ ಬಣ್ಣವನ್ನಷ್ಟೇ ಕೆರೆದು ಶುಚಿ ಮಾಡಿದ. ನಾಲ್ಕರಲ್ಲಿ ಮೂರರ ಹಳದಿ ಹೊರಗೆ ಬಂತು, ಒಂದರದು ಒಳಗೆ ಹೋಯಿತು. ನೀಲಿ ಕಾರು, ಮೂರು ಹಳದಿ ಚಕ್ರ, ಒಂದು ಕಪ್ಪು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿ ಕಳಿಸಿಕೊಟ್ಟರು.

ಘಾಟಿ ಹತ್ತುವಾಗ ಹಿಮ ಶುರುವಾಯಿತು. ಮೊದಲು ಹಿಟ್ಟು ಜರಡಿ ಹಿಡಿದ ಹಾಗೆ, ಆಮೇಲೆ ದಪ್ಪ ದಪ್ಪ. ಪೈನ್ ಮರಗಳ ತಿರುವಿನಲ್ಲಿ ಒಂದು ದೊಡ್ಡ ಹೊಸ ಕಾರು ಅಡ್ಡಲಾಗಿ ನಿಂತಿತ್ತು. ಅದರ ಚಕ್ರ ನಿಂತಲ್ಲೇ ಗರಗರ ತಿರುಗುತ್ತಿತ್ತು. ಅಪ್ಪ ಇಳಿದು ಹೋಗಿ ತಳ್ಳಿ ಬಂದ. ಮತ್ತೆ ಸ್ಟೇರಿಂಗ್ ಹಿಡಿದಾಗ ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವರ ಕಾರು ಒಮ್ಮೆ ಕೊಂಚ ಅಲುಗಿತು. ಆಮೇಲೆ ರಸ್ತೆಯನ್ನು ಹಿಡಿದುಕೊಂಡು ಏರತೊಡಗಿತು.

"ಕಚ್ಚಿಕೊಂಡಿತು," ಅಂದಳು ಕಲೀನಾ.

"ಹೂಂ," ಅಂದ ಅಪ್ಪ. ಬೆರಳು ಸಡಿಲಾಯಿತು.

ಸ್ವಲ್ಪ ದೂರ ಹೋದ ಮೇಲೆ ಕಲೀನಾ ಕೇಳಿದಳು. "ಅಪ್ಪ, ಮನೋಲ್ ಮಾಮಂಗೆ ಹೇಳ್ತೀಯಾ? ನೀನು ಅವನನ್ನ ಕಳ್ಳ ಅಂದ್ಕೊಂಡಿದ್ದು?"

"ಅವನಿಗೆ ಗೊತ್ತೇ ಇಲ್ವಲ್ಲ."

"ನನಗೆ ಗೊತ್ತಲ್ಲ."

ಅಪ್ಪ ವೈಪರನ್ನೇ ನೋಡುತ್ತಿದ್ದ. "ಹೇಳಬೇಕು," ಅಂದ. "ನೋಡೋಣ."

ಹೋಟೆಲಿನ ಹಿಂಬಾಗಿಲಲ್ಲಿ ಅಮ್ಮ ಚೀಲ ಹಿಡಿದು ಕಾಯುತ್ತಿದ್ದಳು. ಹಿಮದಲ್ಲಿ ಬರುತ್ತಿದ್ದ ಕಾರನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದಳು, ಕಾರಿನ ಸುತ್ತ ಒಂದು ಸುತ್ತು ಹಾಕಿದಳು, ಒಂದು ಚಕ್ರದ ಮುಂದೆ ಕೂತು ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟಳು.

"ಇದು ಸ್ಟೊಯ್ಕಜ್ಜಿ ಹೂವಿನ ಟೈರಲ್ವಾ?" ಅಂದಳು. ಆಮೇಲೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಕೀ ಕೊಟ್ಟಿದ್ದು ನಾನೇ."

ಅಷ್ಟರಲ್ಲಿ ಕಲೀನಾ ಬಂದು ಅವಳನ್ನು ಅಪ್ಪಿಕೊಂಡಾಗಿತ್ತು. ಅಮ್ಮನ ಕೋಟಿನಲ್ಲಿ ಹುರಿದ ಈರುಳ್ಳಿಯ ವಾಸನೆ ಇತ್ತು. ಕಲೀನಾ ಬಿಡಲೇ ಇಲ್ಲ.

ಶನಿವಾರ ಬೆಳಿಗ್ಗೆ ಮನೆತುಂಬ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾದ ಘಮ. ಅಮ್ಮ ಬಿಸಿಬಿಸಿಯಾಗಿಯೇ ದೊಡ್ಡದೊಂದು ತುಂಡು ಕತ್ತರಿಸಿ ತಟ್ಟೆಗೆ ಹಾಕಿದಳು. "ಕಲೀನಾ, ಇದನ್ನ ಮನೋಲ್ ಮಾಮಂಗೆ ಕೊಟ್ಟು ಬಾ. ಪಾಪ, ಅಷ್ಟೆಲ್ಲ ಅಗೆದನಂತೆ."

"ನಾನೂ ಬರ್ತೀನಿ," ಎಂದು ಅಪ್ಪ ಎದ್ದ. ಶರ್ಟು ಬದಲಾಯಿಸಿದ. ಅಮ್ಮ ಹುಬ್ಬೇರಿಸಿದಳು.

ಮೂರನೇ ಮಹಡಿಯವರೆಗೂ ತಟ್ಟೆ ಹಿಡಿದು ಅಪ್ಪನೇ ಮುಂದೆ ನಡೆದ. ಮನೋಲ್ ಮಾಮನ ಬಾಗಿಲ ಮುಂದೆ ನಿಂತು ತಟ್ಟೆಯನ್ನು ಕಲೀನಾಗೆ ಕೊಟ್ಟ. ಬೆಲ್ ಮೇಲೆ ಬೆರಳಿಟ್ಟ.

ಬೆಲ್ ಆಗಲಿಲ್ಲ.

ಕಲೀನಾ ಕತ್ತೆತ್ತಿ ನೋಡಿದಳು. ಬೆರಳು ಬೆಲ್ ಮೇಲೇ ಇತ್ತು, ಒತ್ತಿರಲಿಲ್ಲ. ಅಪ್ಪ ಬಾಗಿಲನ್ನೇ ನೋಡುತ್ತಿದ್ದ. ಅವನ ತುಟಿ ಒಂದಿಷ್ಟೇ ಅಲುಗುತ್ತಿತ್ತು. ಕಿವಿ ಕೆಂಪಾಗಿತ್ತು. ಅಷ್ಟು ದೊಡ್ಡ ಅಪ್ಪ.

"ಒತ್ತಪ್ಪ," ಎಂದು ಹೇಳಬಹುದಿತ್ತು. ತಾನೇ ಒತ್ತಬಹುದಿತ್ತು, ಕೈಗೆ ಎಟುಕುತ್ತಿತ್ತು. ಕಲೀನಾ ಹಾಗೆ ಮಾಡಲಿಲ್ಲ. ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿಕೊಂಡು, ಇನ್ನೊಂದು ಕೈಯಲ್ಲಿ ಅಪ್ಪನ ಶರ್ಟಿನ ತುದಿ ಹಿಡಿದುಕೊಂಡು, ಮನಸ್ಸಿನಲ್ಲೇ ಅವನ ಜೊತೆ ಎಣಿಸತೊಡಗಿದಳು.

ಹತ್ತು ಮುಗಿಯಿತು. ಅವಳು ಮತ್ತೆ ಒಂದರಿಂದ ಶುರು ಮಾಡಿದಳು.

ಏಳಕ್ಕೆ ಬಂದಾಗ ಬೆಲ್ ಆಯಿತು.